ಇಂದಿನ ಧಮ್ಮ ಚಿಂತನೆ: ನಮ್ಮ ಮನೆಯ ಕೈತೋಟ ಮತ್ತು ನಾಲ್ಕು ದಿನದ ಕೂಲಿ





ಕಳೆದ ಭಾನುವಾರ ನಮ್ಮ ಅಧ್ಯಯನ ವೃತ್ತದಲ್ಲಿ ಸಮ್ಮಾ ಆಜೀವದ ಬಗ್ಗೆ, ಅಂದರೆ ಸರಿಯಾದ ಜೀವನೋಪಾಯದ ಬಗ್ಗೆ ಚರ್ಚೆ ನಡೆಯಿತು. ಕಲಬೆರಕೆ ಮಾಡುವ ಅಂಗಡಿಯವರು, ಲಂಚ ತಿನ್ನುವ ನೌಕರರು, ಅಳತೆಯಲ್ಲಿ ಮೋಸ ಮಾಡುವವರು, ಎಲ್ಲರ ಮಾತೂ ಬಂತು. ಕೊನೆಯಲ್ಲಿ ಒಬ್ಬ ತಂಗಿ ಕೇಳಿದಳು: "ಅಕ್ಕಾ, ಇದೆಲ್ಲ ಸಂಪಾದನೆ ಮಾಡೋರಿಗೆ ಆಯ್ತು. ದುಡ್ಡು ಕೊಟ್ಟು ಕೆಲಸ ಮಾಡಿಸ್ಕೊಳ್ಳೋರಿಗೆ ಏನೂ ನಿಯಮ ಇಲ್ವಾ?"

ನಾನು ಆಗ ಸುಮ್ಮನಿದ್ದೆ. ಉತ್ತರ ನನಗೆ ಗೊತ್ತಿತ್ತು. ಅದನ್ನು ಕಲಿತದ್ದು ನಮ್ಮ ಮನೆಯ ಅಂಗಳದಲ್ಲಿ, ನಾಚಿಕೆಪಡುವ ರೀತಿಯಲ್ಲಿ. ಅದಕ್ಕೇ ಎಲ್ಲರ ಮುಂದೆ ಬಾಯಿ ಬರಲಿಲ್ಲ. ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಿದೆ, ಬಿಡುವಿನಲ್ಲಿ ಓದಿ.

*ನಡೆದ ಸಂಗತಿ*

ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಸಾಲ ಮಾಡಿ ಮನೆ ಕಟ್ಟಿಕೊಂಡಿದ್ದೇವೆ. ಮನೆ ಮುಂದೆ ಸುಮಾರು 600 ಚದರ ಅಡಿ ಜಾಗ ಖಾಲಿ ಬಿದ್ದಿತ್ತು. ಕಟ್ಟಡದ ಕೆಲಸದಲ್ಲಿ ಉಳಿದ ಜಲ್ಲಿ, ಇಟ್ಟಿಗೆ ಚೂರು, ಅದರ ಮೇಲೆ ಪಾರ್ಥೇನಿಯಂ. ಅಕ್ಟೋಬರ್ 14ರ ಧಮ್ಮಚಕ್ರ ಪ್ರವರ್ತನ ದಿನಕ್ಕೆ ವೃತ್ತದವರನ್ನೆಲ್ಲ ಮನೆಗೆ ಕರೆಯಬೇಕು ಎಂಬುದು ನನ್ನ ಆಸೆ. ಅಷ್ಟರೊಳಗೆ ಹುಲ್ಲುಹಾಸು, ನಡೆಯಲು ಕಲ್ಲಿನ ಹಾದಿ, ಗೋಡೆಯ ಪಕ್ಕ ಹೂವಿನ ಗಿಡ, ಒಂದು ಸಂಪಿಗೆ, ಇಷ್ಟು ಆಗಬೇಕು ಎಂದುಕೊಂಡೆ.

ಪರಿಚಯದವರೊಬ್ಬರು ಒಬ್ಬ ಗಾರ್ಡನ್ ಕಾಂಟ್ರಾಕ್ಟರ್ ನಂಬರ್ ಕೊಟ್ಟರು. ಸೆಪ್ಟೆಂಬರ್ ಮೊದಲ ವಾರ ಬಂದ. ಟೇಪ್ ಹಿಡಿದು ಅಳೆದ. ಒಳಗೆ ನೀರು ಕುಡಿಯಲು ಬಂದವನು ಹಾಲಿನಲ್ಲಿದ್ದ ಭಗವಾನ್ ಬುದ್ಧರ ಮತ್ತು ಬಾಬಾಸಾಹೇಬರ ಪಟ ನೋಡಿ ಕೈಮುಗಿದು "ಜೈ ಭೀಮ್ ಮೇಡಂ" ಅಂದ. "ನಿಮ್ಮಂಥೋರ ಮನೆ ಕೆಲಸ ಅಂದ್ರೆ ನಂಗೆ ದುಡ್ಡು ಮುಖ್ಯ ಅಲ್ಲ" ಅಂದ. ಅವನು ಯಾರು, ಎಲ್ಲಿಯವನು, ಹಿಂದೆ ಎಲ್ಲಿ ಕೆಲಸ ಮಾಡಿದ್ದಾನೆ ಎಂದು ನಾನು ಒಂದು ಮಾತೂ ಕೇಳಲಿಲ್ಲ. ಆ ಎರಡು ಪದವೇ ಸಾಕಾಯಿತು.

ಮಣ್ಣು, ಗೊಬ್ಬರ, ಹುಲ್ಲು, ಕಲ್ಲು, ಗಿಡ, ಆಳು ಎಲ್ಲ ಸೇರಿ 62,000 ಎಂದು ಲೆಕ್ಕ ಹೇಳಿದ. ಅದಕ್ಕೂ ಮೊದಲು ಒಬ್ಬ ನರ್ಸರಿಯವರು ಇದೇ ಕೆಲಸಕ್ಕೆ 70,000 ಹೇಳಿದ್ದರು. ಆದರೂ ನಾನು ಕಾಂಟ್ರಾಕ್ಟರಿಗೆ ಹೇಳಿದ್ದು ಬೇರೆ: "ಇನ್ನೊಬ್ರು 45ಕ್ಕೇ ಮಾಡ್ತೀನಿ ಅಂದಿದ್ದಾರೆ." ಅಂಥವರು ಯಾರೂ ಇರಲಿಲ್ಲ. ಅಷ್ಟಕ್ಕೆ ನಿಲ್ಲಿಸಲಿಲ್ಲ. "ನಮ್ಮ ಗ್ರೂಪಿನಲ್ಲಿ ನೂರಾರು ಜನ ಇದ್ದಾರೆ. ಚೆನ್ನಾಗಿ ಮಾಡಿದ್ರೆ ಎಲ್ಲರಿಗೂ ನಿಮ್ಮ ಹೆಸರು ಹೇಳ್ತೀನಿ" ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "48ಕ್ಕೆ ಮಾಡ್ಕೊಡ್ತೀನಿ ಮೇಡಂ, ಆದ್ರೆ ಬಿಲ್ ಕೇಳಬೇಡಿ. ಬುದ್ಧನ ತಲೆ ಇರೋ ಒಂದು ಕಾರಂಜಿ ಫ್ರೀ ಕೊಡ್ತೀನಿ" ಅಂದ. ಅವತ್ತೇ ಫೋನಿನಲ್ಲಿ 25,000 ಹಾಕಿದೆ. ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರಿಗೆ "14 ಸಾವಿರ ಉಳಿಸಿದೆ" ಎಂದು ಹೆಮ್ಮೆಯಿಂದ ಹೇಳಿದೆ.

ಕೆಲಸ ನಾಲ್ಕು ದಿನ ನಡೆಯಿತು. ನಂಜನಗೂಡು ಕಡೆಯ ಹಳ್ಳಿಯಿಂದ ಗಂಡ ಹೆಂಡತಿ ಬರುತ್ತಿದ್ದರು. ಕಲ್ಲು ಹಾಸಲು ಒಂದು ದಿನ ಬೇರೆಯವರು ಬಂದರು. ನಾನು ಬೆಳಿಗ್ಗೆ ಶಾಲೆಗೆ ಹೋದರೆ ಬರುವುದು ಸಂಜೆ. ಎರಡನೇ ದಿನ ಮಧ್ಯಾಹ್ನ ಕಾಂಟ್ರಾಕ್ಟರ್ ಫೋನ್ ಮಾಡಿ, ಟಿಪ್ಪರಿನವನು ದುಡ್ಡು ಕೊಡದೆ ಮಣ್ಣು ಇಳಿಸಲ್ಲ ಅಂತ ನಿಂತಿದ್ದಾನೆ ಅಂದ. ಸ್ಟಾಫ್ ರೂಮಿನಿಂದಲೇ ಇನ್ನೂ 15,000 ಹಾಕಿದೆ. ಐದನೇ ದಿನ ಅಂಗಳ ಹಸಿರಾಗಿತ್ತು. ಬುದ್ಧನ ತಲೆಯ ಕಾರಂಜಿಯಿಂದ ನೀರು ಹರಿಯುತ್ತಿತ್ತು. ಫೋಟೋ ತೆಗೆದು ಇದೇ ಗ್ರೂಪಿಗೆ ಹಾಕಿದ್ದೆ. ನಿಮ್ಮಲ್ಲಿ ಹಲವರು ಮೆಚ್ಚಿದ್ದೀರಿ.

*ಮಳೆ ಬಂದ ಮೇಲೆ*

ಸೆಪ್ಟೆಂಬರ್ ಕೊನೆಯಲ್ಲಿ ಒಂದು ದೊಡ್ಡ ಮಳೆ ಬಂತು. ನೀರು ಗೇಟಿನ ಕಡೆ ಹರಿಯುವ ಬದಲು ಮನೆಯ ಗೋಡೆಯ ಬುಡಕ್ಕೆ ಬಂದು ನಿಂತಿತು. ಮಣ್ಣು ಏರಿಸುವಾಗ ಇಳಿಜಾರನ್ನು ಮನೆಯ ಕಡೆಗೇ ಕೊಟ್ಟಿದ್ದರು. ಎರಡು ವಾರದಲ್ಲಿ ಹಾಲಿನ ಗೋಡೆ ಒಳಗಿನಿಂದ ತೇವ ಹಿಡಿದು ಬಣ್ಣ ಉಬ್ಬಿತು. ಹುಲ್ಲು ಅಲ್ಲಲ್ಲಿ ಹಳದಿಯಾಯಿತು. ಹುಲ್ಲಿನ ನಡುವೆ ಜೇಕು ತಲೆ ಎತ್ತಿತು. ಕಿತ್ತಷ್ಟೂ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರಿತು. ಸಂಪಿಗೆ ಗಿಡ ಎಲೆ ಉದುರಿಸಿ ನಿಂತಿತು.

ಮೊದಲು 70,000 ಹೇಳಿದ್ದ ನರ್ಸರಿಯವರ ಹತ್ತಿರವೇ ಹೋಗಿ ಕೇಳಬೇಕಾಯಿತು. ಆ ಹಿರಿಯರು ಬಂದು ಹಾರೆಯಲ್ಲಿ ಒಂದು ಅಡಿ ಅಗೆದರು. ಮೇಲೆ ಎರಡು ಇಂಚು ಮಾತ್ರ ಒಳ್ಳೆಯ ಕೆಮ್ಮಣ್ಣು. ಕೆಳಗೆ ಯಾವುದೋ ಕಟ್ಟಡದ ಪಾಯ ತೆಗೆದ ಮಣ್ಣು, ಅದರಲ್ಲಿ ಸಿಮೆಂಟ್ ಗಟ್ಟಿ, ಟೈಲ್ಸ್ ಚೂರು, ಸುಣ್ಣ. "ಇಂಥ ಮಣ್ಣಿನಲ್ಲಿ ಕ್ಷಾರ ಜಾಸ್ತಿ ಮೇಡಂ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ರೂ ಬೇರಿಗೆ ಸಿಗಲ್ಲ, ಅದಕ್ಕೇ ಹಳದಿ" ಎಂದು ವಿವರಿಸಿದರು. ಆಮೇಲೆ ಸಂಪಿಗೆ ಗಿಡವನ್ನು ಎತ್ತಿದರು. ಬೇರಿನ ಸುತ್ತ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಚೀಲ ಹರಿಯದೆಯೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದ್ದರು.

ಕಾಂಟ್ರಾಕ್ಟರಿಗೆ ಫೋನ್ ಮಾಡಿದೆ. ಮೊದಲ ಸಲ, "ನಿಮ್ಮ ಮನೆಗೆ ಎಷ್ಟು ಕಮ್ಮಿಗೆ ಮಾಡ್ಕೊಟ್ಟೆ ಮೇಡಂ" ಅಂದ. ಎರಡನೇ ಸಲ, "ಮುಂದಿನ ವಾರ ಬಂದು ಪೂರ್ತಿ ಹೊಸದಾಗಿ ಮಾಡ್ಕೊಡ್ತೀನಿ" ಅಂದ. ಮೂರನೇ ಸಲ, ತಾಯಿಗೆ ಹುಷಾರಿಲ್ಲ, ಗಾಡಿ ಗ್ಯಾರೇಜಿನಲ್ಲಿದೆ, ಕೈಯಲ್ಲಿ ಒಂದು ರೂಪಾಯಿ ಇಲ್ಲ ಅಂದ. ನಾಲ್ಕನೇ ಸಲ ಫೋನ್ ಎತ್ತಲಿಲ್ಲ.

ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಅವನ ಫೋಟೋ, ನಂಬರ್, ಹಾಳಾದ ಹುಲ್ಲಿನ ಚಿತ್ರ ಎಲ್ಲ ಸೇರಿಸಿ ಗ್ರೂಪಿಗೆ ಹಾಕಲು ದೊಡ್ಡದೊಂದು ಮೆಸೇಜ್ ಬರೆದೆ. ಕನ್ನಡ ಎಂ.ಎ. ಓದಿದ್ದರ ಪೂರ್ತಿ ಪ್ರಯೋಜನ ಅದರಲ್ಲಿ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಬೈದಿದ್ದೆ. ಬೆಳಿಗ್ಗೆ ಇನ್ನೊಮ್ಮೆ ಓದಿ ಕಳಿಸೋಣ ಎಂದು ಮಲಗಿದೆ.

*ಗೇಟಿನ ಹತ್ತಿರ ಬಂದವರು*

ಮರುದಿನ ದಸರಾ ರಜೆ. ಬೆಳಿಗ್ಗೆ ಗೇಟ್ ಸದ್ದಾಯಿತು. ಕೆಲಸ ಮಾಡಿದ ಆ ಹೆಣ್ಣುಮಗಳು ಒಬ್ಬಳೇ ನಿಂತಿದ್ದಳು. "ತಪ್ ತಿಳ್ಕಬೇಡಿ ಟೀಚರಮ್ಮ. ನಾಕು ದಿನದ ಕೂಲಿ ಇನ್ನೂ ಬಂದಿಲ್ಲ. ಮನೆಯೋರು ದುಡ್ಡು ಕೊಟ್ಟಿಲ್ಲ ಅಂತ ಅವ್ರು ಅಂದ್ರು. ನೀವೇ ಒಂದ್ ಮಾತು ಹೇಳಿದ್ರೆ..."

ನನಗೆ ಮೈ ಉರಿಯಿತು. 40,000 ಕೊಟ್ಟವಳು ನಾನು. ನನ್ನ ಹೆಸರಿನಲ್ಲಿ ಸುಳ್ಳು ಬೇರೆ. "ನಾನು ಕೊಟ್ಟಾಗಿದೆಯಮ್ಮ. ಅವನನ್ನೇ ಕೇಳಿ" ಎಂದು ಹೇಳಿ ಒಳಗೆ ತಿರುಗಿದೆ.

ಬಾಗಿಲಲ್ಲಿ ನಮ್ಮವ್ವ ನಿಂತಿದ್ದಳು. ಅವ್ವ ಮತ್ತು ಅಪ್ಪ ಹುಣಸೂರು ಕಡೆ ಹೊಗೆಸೊಪ್ಪಿನ ಹೊಲಗಳಲ್ಲಿ ಕೂಲಿ ಮಾಡಿ ನಮ್ಮನ್ನು ಓದಿಸಿದವರು. ಅವ್ವ ಜೋರಾಗಿ ಮಾತಾಡುವವಳಲ್ಲ. ಅವತ್ತೂ ಮೆಲ್ಲಗೇ ಹೇಳಿದಳು: "ಸೌಕಾರ ಮೇಸ್ತ್ರಿ ಕಡೆ ಕೈ ತೋರ್ಸೋನು, ಮೇಸ್ತ್ರಿ ಸೌಕಾರನ ಕಡೆ ಕೈ ತೋರ್ಸೋನು. ನಿಮ್ಮಪ್ಪ ಇಬ್ಬರ ಮನೆಗೂ ತಿರುಗಿ ತಿರುಗಿ ಸಾಕಾದ್ರು ಮಗ. ಈಗ ಆ ಮಾತ ನೀನೂ ಕಲ್ತೆ."

ಅಷ್ಟೇ ಹೇಳಿ ಗೇಟಿಗೆ ಹೋಗಿ ಆಕೆಯನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಳು.

ಆಗ ನನಗೆ ಇನ್ನೊಂದು ನೆನಪಾಯಿತು. ಕೆಲಸದ ಮೊದಲ ದಿನ ಶಾಲೆಗೆ ಹೊರಡುವ ಅವಸರದಲ್ಲಿ ಆಳುಗಳಿಗೆಂದು ಎರಡು ಪ್ಲಾಸ್ಟಿಕ್ ಲೋಟ ಹೊರಗಿನ ಕಟ್ಟೆಯ ಮೇಲೆ ಇಟ್ಟು ಹೋಗಿದ್ದೆ. ಸಂಜೆ ಬಂದಾಗ ಅವು ಕಟ್ಟೆಯ ಮೇಲಿರಲಿಲ್ಲ. ಅವ್ವ ಒಳಗಿನ ಸ್ಟೀಲ್ ಲೋಟ ಕೊಟ್ಟಿದ್ದಳು. "ನಮ್ಗೆ ಅವ್ರು ಮಡಗ್ತಿದ್ದಂಗೆ ನೀನು ಇವ್ರಿಗೆ ಮಡಗ್ತೀಯಾ?" ಎಂದು ಕೇಳಿದ್ದಳು. ನಾನು ನಕ್ಕು, "ಒಡೆದುಹೋಗಲ್ಲ ಅಂತ ಇಟ್ಟೆ ಅವ್ವ" ಅಂದಿದ್ದೆ. ಸ್ಟೀಲ್ ಲೋಟವೂ ಒಡೆಯುವುದಿಲ್ಲ.

*ಸುತ್ತ ಏನು ಹೇಳುತ್ತದೆ*

ಬಂಧುಗಳೇ, ಈಗ ಪಾಠಕ್ಕೆ ಬರೋಣ. ಮೂರು ಕಡೆ ನೋಡೋಣ.

*ಒಂದು.* ಮಜ್ಝಿಮ ನಿಕಾಯದ ಮಹಾಚತ್ತಾರೀಸಕ ಸುತ್ತದಲ್ಲಿ ಭಗವಾನರು ತಪ್ಪು ಜೀವನೋಪಾಯದ ಐದು ಲಕ್ಷಣ ಹೇಳುತ್ತಾರೆ. ಕುಹನಾ: ಸೋಗು, ವಂಚನೆ. ಲಪನಾ: ಲಾಭಕ್ಕಾಗಿ ಬೆಣ್ಣೆ ಮಾತು. ನೇಮಿತ್ತಿಕತಾ: ನೇರ ಕೇಳದೆ ಸುಳಿವು ಕೊಟ್ಟು ಪಡೆಯುವುದು. ನಿಪ್ಪೇಸಿಕತಾ: ಇತರರನ್ನು ಹೀಗಳೆಯುವುದು. ಐದನೆಯದು, ಒಂದು ಲಾಭವನ್ನು ತೋರಿಸಿ ಇನ್ನೊಂದು ಲಾಭವನ್ನು ಬೇಟೆಯಾಡುವುದು.

ಕಾಂಟ್ರಾಕ್ಟರಿಗೆ ಇದನ್ನು ಹೊಂದಿಸುವುದು ಸುಲಭ. ಜೈ ಭೀಮ್ ಎಂಬ ಮಾತು ಅವನ ಬಾಯಲ್ಲಿ ಲಪನಾ ಆಯಿತು. ಕೆಮ್ಮಣ್ಣಿನ ಕೆಳಗೆ ಕಟ್ಟಡದ ಕಸ ಮುಚ್ಚಿದ್ದು ಕುಹನಾ. ಟಿಪ್ಪರಿನವನ ಕಥೆ ನೇಮಿತ್ತಿಕತಾ. ಫ್ರೀ ಕಾರಂಜಿ ಐದನೆಯದು. ಇಷ್ಟು ಹೊಂದಿಸಿ ನಾನು ಪುಸ್ತಕ ಮುಚ್ಚಬಹುದಿತ್ತು. ಆದರೆ ಸುಳ್ಳು ಹೇಳಿ ಬೆಲೆ ಇಳಿಸಿದ್ದು ಯಾರು? ಇಲ್ಲದ ಒಬ್ಬನ 45,000 ತೋರಿಸಿ ಅವನ ಲೆಕ್ಕವನ್ನು ಹೀಗಳೆದದ್ದು ಯಾರು? ನೂರಾರು ಗಿರಾಕಿಗಳ ಆಸೆ ತೋರಿಸಿ 14,000 ಬೇಟೆಯಾಡಿದ್ದು ಯಾರು? ಅವನು ಮೋಸ ಶುರು ಮಾಡುವ ಮುಂಚೆಯೇ ನಾನು ಮುಸಾವಾದ ಶೀಲವನ್ನು ಮುರಿದಾಗಿತ್ತು.

*ಎರಡು.* ದೀಘ ನಿಕಾಯದ ಸಿಗಾಲೋವಾದ ಸುತ್ತ ಗೃಹಸ್ಥರಿಗೆ ಹೇಳಿದ್ದು. ರಾಜಗೃಹದಲ್ಲಿ ಸಿಗಾಲ ಎಂಬ ಯುವಕ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೆ ಕೈಮುಗಿಯುತ್ತಿರುವುದನ್ನು ಭಗವಾನರು ನೋಡುತ್ತಾರೆ. ದಿಕ್ಕುಗಳೆಂದರೆ ನಿನ್ನ ಸುತ್ತಲಿನ ಮನುಷ್ಯರು, ಅವರ ಕಡೆಗಿನ ಕರ್ತವ್ಯವೇ ನಮಸ್ಕಾರ ಎಂದು ತಿಳಿಸುತ್ತಾರೆ. ಅದರಲ್ಲಿ ಕೆಳಗಿನ ದಿಕ್ಕು ನಮಗಾಗಿ ದುಡಿಯುವವರು. ಅವರ ಕಡೆಗೆ ಕೆಲಸ ಮಾಡಿಸುವವರ ಕರ್ತವ್ಯ ಐದು: ಶಕ್ತಿ ನೋಡಿ ಕೆಲಸ ಕೊಡುವುದು, ಊಟ ಮತ್ತು ಕೂಲಿ ಕೊಡುವುದು, ಕಾಯಿಲೆಯಲ್ಲಿ ನೋಡಿಕೊಳ್ಳುವುದು, ವಿಶೇಷ ತಿನಿಸನ್ನು ಹಂಚಿಕೊಳ್ಳುವುದು, ಸಕಾಲಕ್ಕೆ ಬಿಡುವು ಕೊಡುವುದು. ದುಡಿಯುವವರಿಗೂ ಐದು ಕರ್ತವ್ಯ ಇವೆ. ಕೊಟ್ಟದ್ದನ್ನು ಮಾತ್ರ ತೆಗೆದುಕೊಳ್ಳುವುದು, ಕೆಲಸವನ್ನು ಚೆನ್ನಾಗಿ ಮಾಡುವುದು ಅದರಲ್ಲಿ ಸೇರಿವೆ. ಈ ದಂಪತಿ ತಮ್ಮ ಪಾಲಿನದನ್ನು ಮಾಡಿದ್ದರು. ಅವರಿಗೆ ತಂದುಕೊಟ್ಟ ಮಣ್ಣೇ ಕೆಟ್ಟದ್ದು.

ಇದೇ ಸುತ್ತದಲ್ಲಿ ಸ್ನೇಹಿತರಂತೆ ಕಾಣುವ ನಾಲ್ಕು ಬಗೆಯವರ ವಿವರವಿದೆ. ಅವರಲ್ಲಿ ಒಬ್ಬ ಬರೀ ಮಾತಿನವನು. ಹಿಂದಿನ ಉಪಕಾರ ಹೇಳುತ್ತಾನೆ, ಮುಂದಿನ ಉಪಕಾರ ಹೇಳುತ್ತಾನೆ, ಈಗ ಕೆಲಸ ಬಿದ್ದರೆ ತನ್ನ ಕಷ್ಟ ಹೇಳುತ್ತಾನೆ. ಕಾಂಟ್ರಾಕ್ಟರ್ ಮೂರು ಫೋನಿನಲ್ಲಿ ಹೇಳಿದ್ದು ಇದೇ ಕ್ರಮದಲ್ಲಿ. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಗಾರ್ಡನ್ ಕಾಂಟ್ರಾಕ್ಟರಿಗೂ ಹೊಂದುತ್ತದೆ. ಸುತ್ತಗಳನ್ನು ಬರೀ ಪಠಣಕ್ಕೆ ಇಟ್ಟುಕೊಳ್ಳದೆ ಮನೆಗೆ ಮೇಸ್ತ್ರಿ ಬರುವ ಮುಂಚೆ ಓದಿದ್ದರೆ ಒಳ್ಳೆಯದಿತ್ತು.

*ಮೂರು.* ಬಾಬಾಸಾಹೇಬರು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸಮ್ಮಾ ಆಜೀವವನ್ನು ಅವರು ಬಹಳ ಸರಳವಾಗಿ ವಿವರಿಸುತ್ತಾರೆ: ಇನ್ನೊಬ್ಬರಿಗೆ ಹಾನಿಯನ್ನೋ ಅನ್ಯಾಯವನ್ನೋ ಮಾಡದೆ ಬದುಕು ನಡೆಸುವುದು. ಅವರು ಇದನ್ನು ಬರೆದು ಸುಮ್ಮನಾದವರಲ್ಲ. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಲು, 1946ರಲ್ಲಿ ಕನಿಷ್ಠ ವೇತನ ಮಸೂದೆ ಮಂಡನೆಯಾಗಲು ಕಾರಣರಾದರು. ಅದು 1948ರಲ್ಲಿ ಕಾಯ್ದೆಯಾಯಿತು. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ. 39ನೇ ವಿಧಿ ಗಂಡು ಹೆಣ್ಣಿಗೆ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ವ ಕೊಡುತ್ತದೆ.

"ನಾನು ಕೊಟ್ಟಾಗಿದೆ, ಅವನನ್ನೇ ಕೇಳಿ" ಎಂದೆನಲ್ಲ, ಇದೇ ಮಾತು ಒಮ್ಮೆ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ದೆಹಲಿಯ 1982ರ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದ ಕೂಲಿಕಾರರ ಪ್ರಕರಣದಲ್ಲಿ ಕೋರ್ಟ್ ಎರಡು ಮಾತು ಸ್ಪಷ್ಟ ಮಾಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು 23ನೇ ವಿಧಿ ಹೇಳುವ ಬಲವಂತದ ದುಡಿಮೆ. ಕೆಲಸ ಮಾಡಿಸಿಕೊಂಡ ಸರ್ಕಾರಿ ಸಂಸ್ಥೆಗಳು ಕೂಲಿಕಾರರನ್ನು ತಂದವರು ಗುತ್ತಿಗೆದಾರರು ಎಂದು ಹೇಳಿ ಜಾರಿಕೊಳ್ಳುವಂತಿಲ್ಲ. ಅದು ದೊಡ್ಡ ಯೋಜನೆಯ ಮಾತು, ನನ್ನದು 600 ಚದರ ಅಡಿಯ ಅಂಗಳ. ಕಾನೂನಿನ ಲೆಕ್ಕದಲ್ಲಿ ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆತ್ಮಸಾಕ್ಷಿಯ ಲೆಕ್ಕದಲ್ಲಿ ಒಂದೇ.

*14 ಸಾವಿರ ಎಲ್ಲಿಂದ ಬಂತು*

ನರ್ಸರಿಯ ಹಿರಿಯರು ಒಂದು ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದರು. ಅವರ ಅಂದಾಜಿನಲ್ಲಿ ಹುಲ್ಲಿಗೆ 12,000. ಮಣ್ಣು, ಗೊಬ್ಬರಕ್ಕೆ 11,000. ಕಲ್ಲಿಗೆ 13,000. ಗಿಡಗಳಿಗೆ 9,000. ಎಲ್ಲ ಆಳುಗಳ ಕೂಲಿಗೆ 10,000. ಒಟ್ಟು 55,000. "ಅವನು ಮೊದಲು ಹೇಳಿದ 62 ನ್ಯಾಯವಾದ ಬೆಲೆನೇ ಮೇಡಂ. ಅವನಿಗೆ ಉಳೀತಿದ್ದದ್ದು 7 ಸಾವಿರ. ನೀವು 14 ಸಾವಿರ ಇಳಿಸಿದ್ರಿ. ಅವನ 7 ಹೋಯ್ತು. ಇನ್ನೂ 7 ಯಾರ ಜೇಬಿಂದ ಬರಬೇಕು ಹೇಳಿ?"

ಈ ಪ್ರಶ್ನೆಯನ್ನು ನಾನು ಮಕ್ಕಳಿಗೆ ಲೆಕ್ಕದಲ್ಲಿ ಕೊಟ್ಟಿದ್ದರೆ ಆರನೇ ತರಗತಿಯವರೂ ಬಿಡಿಸುತ್ತಿದ್ದರು. ಮಣ್ಣಿನಲ್ಲಿ ಸ್ವಲ್ಪ, ಗೊಬ್ಬರದಲ್ಲಿ ಸ್ವಲ್ಪ, ಉಳಿದದ್ದು ಕೂಲಿಯಲ್ಲಿ. ಗಂಡನಿಗೆ ದಿನಕ್ಕೆ 700, ಹೆಂಡತಿಗೆ 450 ಎಂದು ಮಾತಾಗಿತ್ತಂತೆ. ನಾಲ್ಕು ದಿನಕ್ಕೆ ಇಬ್ಬರಿಗೂ ಸೇರಿ 4,600. ನಾನು ಊಟದ ಹೊತ್ತಿನಲ್ಲಿ ಹೆಮ್ಮೆಪಟ್ಟ "ಉಳಿತಾಯ"ದೊಳಗೆ ಅದೂ ಇತ್ತು. ಫ್ರೀ ಎಂದು ಬಂದ ಬುದ್ಧನ ತಲೆಯ ಕಾರಂಜಿಗೂ ಯಾರೋ ದುಡ್ಡು ಕೊಟ್ಟಿರಬೇಕಲ್ಲ. ಹೊತ್ತು ತಂದು ಇಟ್ಟವರೂ ಅವರೇ.

ನಮ್ಮ ಎರಡನೇ ಶೀಲ ಅದಿನ್ನಾದಾನ. ಕನ್ನಡದಲ್ಲಿ ನಾವು ಕಳ್ಳತನ ಮಾಡಬಾರದು ಎಂದು ಅನುವಾದಿಸಿ ಮುಗಿಸುತ್ತೇವೆ. ಪದದ ಅರ್ಥ ಅದಕ್ಕಿಂತ ದೊಡ್ಡದು: ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದು. ಆ ದಂಪತಿ ತಮ್ಮ ನಾಲ್ಕು ದಿನವನ್ನು ನನಗೆ ದಾನ ಕೊಟ್ಟಿರಲಿಲ್ಲ. ನಾನು ತೆಗೆದುಕೊಂಡಿದ್ದೆ. ಬಿಲ್ ಇಲ್ಲದೆ ಉಳಿಸಿದ ತೆರಿಗೆಯೂ ಹಾಗೆಯೇ. ಜನರ ತೆರಿಗೆಯಿಂದ ಸಂಬಳ ತೆಗೆದುಕೊಳ್ಳುವ ಶಿಕ್ಷಕಿ ನಾನು.

ಇದನ್ನು ಓದಿ ಕಾಂಟ್ರಾಕ್ಟರ್ ಪಾಪ ಎಂದು ಯಾರೂ ತಿಳಿಯಬೇಡಿ. ಅಷ್ಟಕ್ಕೆ ಆಗುವುದಿಲ್ಲ ಎಂದು ಹೇಳಿ ಎದ್ದು ಹೋಗುವ ದಾರಿ ಅವನಿಗಿತ್ತು. ಕೈಗೆ ಬಂದ 40,000ದಲ್ಲಿ ಮೊದಲು ಕೂಲಿ ಕೊಡುವ ದಾರಿಯೂ ಇತ್ತು. ಅವನ ಮೋಸ ಅವನದೇ. ಆದರೆ ಅವನ ಮೋಸವನ್ನು ತೋರಿಸಿ ನನ್ನ ಪಾಲನ್ನು ಅಳಿಸಿಹಾಕಲು ಆಗುವುದಿಲ್ಲ. ಕರ್ಮದ ಲೆಕ್ಕ ಒಬ್ಬೊಬ್ಬರದೂ ಬೇರೆ ಬೇರೆ.

*ಆಮೇಲೆ ಮಾಡಿದ್ದು*

ಕೊಡಬೇಕಾದ ಬಾಕಿ 8,000 ನನ್ನ ಹತ್ತಿರವೇ ಇತ್ತು. ಅದರಲ್ಲಿ 4,600 ಅವತ್ತೇ ಆಕೆಯ ಕೈಗೆ ಕೊಟ್ಟೆ. ಕಾಂಟ್ರಾಕ್ಟರಿಗೆ ಮೆಸೇಜ್ ಹಾಕಿದೆ: ಕೂಲಿ ನೇರವಾಗಿ ಕೊಟ್ಟಿದ್ದೇನೆ, ಇಳಿಜಾರು ಸರಿ ಮಾಡಿ ಗಿಡ ಬದಲಿಸಿದರೆ ಉಳಿದ 3,400 ನಿಮ್ಮದು. ಅವನು ಆಗ ತಕ್ಷಣ ಫೋನ್ ಮಾಡಿದ, ಕೂಗಾಡಿದ. ಕೆಲಸಕ್ಕೆ ಮಾತ್ರ ಬರಲಿಲ್ಲ.

ರಾತ್ರಿ ಬರೆದಿಟ್ಟಿದ್ದ ದೊಡ್ಡ ಮೆಸೇಜನ್ನು ಅಳಿಸಿದೆ. ಮುಚ್ಚಿಡಬೇಕು ಎಂದಲ್ಲ. ಅಭಯರಾಜಕುಮಾರ ಸುತ್ತದಲ್ಲಿ ಭಗವಾನರು ಹೇಳುವಂತೆ, ಮಾತು ಸತ್ಯವಾಗಿದ್ದು ಹಿತವಾಗಿದ್ದರೆ ಕೇಳುವವರಿಗೆ ಕಹಿಯಾದರೂ ಸಮಯ ನೋಡಿ ಹೇಳಬಹುದು. ನನ್ನ ಮೆಸೇಜಿನಲ್ಲಿ ಸತ್ಯ ಅರ್ಧವೇ ಇತ್ತು. ನಾನು ಹೇಳಿದ ಸುಳ್ಳು ಅದರಲ್ಲಿರಲಿಲ್ಲ. ಈಗ ಯಾರಾದರೂ ಅವನ ಬಗ್ಗೆ ನೇರವಾಗಿ ಕೇಳಿದರೆ ನಡೆದದ್ದನ್ನು ನಡೆದಂತೆ, ನನ್ನ ಪಾಲನ್ನೂ ಸೇರಿಸಿ ಹೇಳುತ್ತೇನೆ.

ದೂರು ಕೊಡಲು ಯೋಚಿಸಿದೆ. ಫೋನಿನಲ್ಲಿ ದುಡ್ಡು ಹಾಕಿದ ದಾಖಲೆ ಇತ್ತು. ಯಾವ ಮಣ್ಣು, ಎಷ್ಟು ಆಳ, ಯಾವ ಕಡೆ ಇಳಿಜಾರು ಎಂಬುದಕ್ಕೆ ಒಂದು ಸಾಲು ಬರಹವೂ ಇರಲಿಲ್ಲ. ಬಿಲ್ ಬೇಡ ಎಂದು ಒಪ್ಪಿದವಳು ನಾನೇ. ಹಾಗಾಗಿ ಕೈಬಿಟ್ಟೆ. ನೀವು ಹಾಗೆ ಕೈಬಿಡುವ ಸ್ಥಿತಿಗೆ ಬರಬೇಡಿ ಎಂದೇ ಕೆಳಗಿನ ಪಟ್ಟಿ.

ಅಕ್ಟೋಬರ್ 14ಕ್ಕೆ ನೀವೆಲ್ಲ ಬಂದಾಗ ಹಳದಿ ಹುಲ್ಲಿನ ಮೇಲೆ ಜಮಖಾನ ಹಾಸಿ ಕೂತೆವು. ಏನಾಯಿತು ಎಂದು ಕೇಳಿದವರಿಗೆ "ಮಳೆ" ಎಂದು ಉತ್ತರ ಕೊಟ್ಟಿದ್ದೆ. ಆ ಉತ್ತರವನ್ನು ಇವತ್ತು ತಿದ್ದುತ್ತಿದ್ದೇನೆ.

ಡಿಸೆಂಬರಿನಲ್ಲಿ ಅದೇ ದಂಪತಿಯನ್ನು ಕರೆದೆ. ಕಸದ ಮಣ್ಣು ತೆಗೆಸಿ, ಗೇಟಿನ ಕಡೆಗೆ ಇಳಿಜಾರು ಮಾಡಿಸಿದೆವು. ಇಬ್ಬರಿಗೂ ದಿನಕ್ಕೆ 700, ಅವತ್ತಿನದು ಅವತ್ತೇ ಸಂಜೆ. ಆಕೆ ಒಂದು ಸಲ ಎಣಿಸಿ, ತಪ್ಪಾಗಿ ಬಂತೇನೋ ಎಂದು ಮತ್ತೆ ಎಣಿಸಿದಳು. "ಒಂದೇ ಕೆಲಸ, ಒಂದೇ ಕೂಲಿ" ಎಂದು ಅವ್ವ ಹೇಳಿದಳು. ಹುಲ್ಲಿನ ಆಸೆ ಬಿಟ್ಟೆವು. ಈಗ ದಾಸವಾಳ, ಮಲ್ಲಿಗೆ, ಕರಿಬೇವು, ಬಸಳೆ ಇವೆ. ಹೊಸ ಸಂಪಿಗೆಯನ್ನು ಆಕೆಯೇ ಚೀಲ ಹರಿದು ನೆಟ್ಟಳು. ಕಾರಂಜಿಯ ನೀರು ನಿಲ್ಲಿಸಿದ್ದೇನೆ. ಬುದ್ಧನ ತಲೆಯನ್ನು ಅಂಗಳದ ಒಂದು ಮೂಲೆಯಲ್ಲಿಟ್ಟಿದ್ದೇನೆ. ಪೂಜೆಗೂ ಇಲ್ಲ, ಅಲಂಕಾರಕ್ಕೂ ಇಲ್ಲ. ದಿನಾ ಶಾಲೆಗೆ ಹೊರಡುವಾಗ ಕಣ್ಣಿಗೆ ಬೀಳುತ್ತದೆ. ಅಷ್ಟು ಸಾಕು.

*ಇಂದಿನ ಅಭ್ಯಾಸ*

ಮನೆಗೆ ಯಾವುದೇ ಕೆಲಸ ಮಾಡಿಸುವ ಮುಂಚೆ, ಅದು ತೋಟವಿರಲಿ, ಬಣ್ಣವಿರಲಿ, ಪ್ಲಂಬಿಂಗ್ ಇರಲಿ:

1. ಮಾತಿಗೆ ಮರುಳಾಗಬೇಡಿ, ಅದು ನಮ್ಮದೇ ವಂದನೆಯಾಗಿದ್ದರೂ ಸರಿ. ಹಿಂದೆ ಮಾಡಿದ ಎರಡು ಮನೆ ತೋರಿಸಲು ಹೇಳಿ. ಒಂದು ಮಳೆಗಾಲ ಕಳೆದ ಕೆಲಸವನ್ನೇ ನೋಡಿ.

2. ಎಲ್ಲವನ್ನೂ ಬರೆಸಿಕೊಳ್ಳಿ. ತೋಟವಾದರೆ ಯಾವ ಮಣ್ಣು, ಎಷ್ಟು ಇಂಚು, ಗೊಬ್ಬರ ಎಷ್ಟು, ಗಿಡ ಒಣಗಿದರೆ ಎಷ್ಟು ದಿನದೊಳಗೆ ಬದಲಿ. ಇಳಿಜಾರು ಮನೆಯಿಂದ ಹೊರಗೆ, ಹತ್ತು ಅಡಿಗೆ ಎರಡು ಇಂಚಾದರೂ ಇರಲಿ.

3. ಮಣ್ಣು ಇಳಿಸುವ ದಿನ ಮನೆಯಲ್ಲಿ ಯಾರಾದರೂ ಇದ್ದು ನೋಡಿ. ಮುಚ್ಚಿದ ಮೇಲೆ ಏನೂ ಕಾಣುವುದಿಲ್ಲ.

4. ಮುಂಗಡ ಕಡಿಮೆ ಇರಲಿ. ಕೆಲಸದ ಹಂತ ನೋಡಿ ದುಡ್ಡು ಕೊಡಿ. ಬಿಲ್ ತಪ್ಪದೆ ಕೇಳಿ.

5. ಬೆಲೆ ಕೇಳುವಾಗ "ಆಳಿಗೆ ದಿನಕ್ಕೆ ಎಷ್ಟು ಕೊಡ್ತೀರಿ?" ಎಂದು ಕೇಳಿ. ಚೌಕಾಸಿ ಮಾಡಿ, ತಪ್ಪಿಲ್ಲ. ಕೂಲಿಯ ಬಾಬ್ತನ್ನು ಮಾತ್ರ ಮುಟ್ಟಬೇಡಿ. ಕೊನೆಯ ಕಂತು ಕೊಡುವ ಮುಂಚೆ ಕೆಲಸದವರನ್ನೇ ಕೇಳಿ: "ನಿಮ್ಮದು ಬಂತಾ?"

6. ಮೋಸವಾದರೆ ಸುಮ್ಮನಿರಬೇಡಿ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕೂಲಿ ಸಿಗದವರು ಕಾರ್ಮಿಕ ಇಲಾಖೆಗೆ ಹೋಗಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಇದೆ, ಸಹಾಯವಾಣಿ 15100. ಗೊತ್ತಿಲ್ಲದವರಿಗೆ ಈ ನಂಬರ್ ಬರೆದುಕೊಡಿ.

7. ನೀರು, ಕಾಫಿ ಕೊಡುವಾಗ ನೀವು ಕುಡಿಯುವ ಲೋಟದಲ್ಲೇ ಕೊಡಿ.

*ಭಾನುವಾರದ ಚರ್ಚೆಗೆ*

▪️ ಕಳೆದ ಒಂದು ವರ್ಷದಲ್ಲಿ ನಾವು "ಉಳಿಸಿದೆ" ಎಂದು ಖುಷಿಪಟ್ಟ ಯಾವುದಾದರೂ ಒಂದು ಮೊತ್ತ ನೆನಪಿಸಿಕೊಳ್ಳಿ. ಅದು ಯಾರ ಪಾಲಿನಿಂದ ಬಂತು?

▪️ ನಮ್ಮವರು ಎಂಬ ನಂಬಿಕೆಯ ಮೇಲೆ ಕೆಲಸ ಕೊಟ್ಟಾಗ ನಾವು ಕೇಳಲು ಸಂಕೋಚಪಡುವ ಪ್ರಶ್ನೆಗಳು ಯಾವುವು?

▪️ ನಮ್ಮ ಅಪ್ಪ ಅವ್ವಂದಿರಿಗೆ ಬಾಕಿ ಉಳಿದ ಕೂಲಿಯ ಕಥೆಯನ್ನು ಮನೆಯ ಮಕ್ಕಳಿಗೆ ಹೇಳಿದ್ದೇವೆಯೇ?

ಅಂದು ಆ ತಂಗಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ದುಡ್ಡು ಕೊಡುವವರಿಗೂ ನಿಯಮ ಇದೆ ತಂಗಿ. ಕೊಟ್ಟ ದುಡ್ಡು ದುಡಿದವರ ಕೈ ತಲುಪಿತೇ ಎಂದು ಕೇಳುವವರೆಗೆ ನಮ್ಮ ವ್ಯವಹಾರ ಮುಗಿಯುವುದಿಲ್ಲ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏

ನಮೋ ಬುದ್ಧಾಯ 🪷 ಜೈ ಭೀಮ್ 💙

(ನಾಳೆಯ ಚಿಂತನೆ: ಸಮ್ಮಾ ವಾಚಾ. ಇಷ್ಟವಾದರೆ ಮನೆ ಕಟ್ಟಿಸುತ್ತಿರುವ ಒಬ್ಬರಿಗಾದರೂ ಕಳಿಸಿ.)